ವಯರ್‌ಫ್ರೇಮ್ ಅಂತ ಬೂದು ಪೆಟ್ಟಿಗೆಗಳ ಚಿತ್ರ ಬಂದಿದೆ, ನರ್ಸರಿಯವರು ಇದರಲ್ಲಿ ಏನು ನೋಡಬೇಕು?

ತೊಟ್ಟೆಗಿಡ (ಪೆರ್ಲ)

ಎಲ್ಲರಿಗೂ ನಮಸ್ಕಾರ. ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮದೊಂದು ಗಿಡದ ನರ್ಸರಿ ಉಂಟು. ಅಪ್ಪ ಶುರುಮಾಡಿದ್ದು, ಈಗ ಅಮ್ಮ ಮತ್ತು ಮಗಳು ನಾನು ನೋಡಿಕೊಳ್ತೇವೆ. ಅಡಿಕೆಯಲ್ಲಿ ಮಂಗಳ, ಮೋಹಿತ್‌ನಗರ, ಮತ್ತೆ ಊರಿನ ತಳಿ. ಕಾಳುಮೆಣಸಿನಲ್ಲಿ ಪಣಿಯೂರು, ಕರಿಮುಂಡ. ತೆಂಗು, ಕೊಕ್ಕೊ, ಜಾಯಿಕಾಯಿ ಕೂಡ ಇರ್ತದೆ. ಚೆರ್ಕಳ–ಕಲ್ಲಡ್ಕ ರಸ್ತೆಗೆ ಹತ್ತಿರ ಆದ ಕಾರಣ ವಿಟ್ಲ, ಪುತ್ತೂರು ಕಡೆಯವರೂ ಬರ್ತಾರೆ, ಕಾಸರಗೋಡು, ಕಾಞಂಗಾಡು ಕಡೆಯಿಂದ ಮಲಯಾಳಂ ಮಾತಾಡುವವರೂ ಬರ್ತಾರೆ.

ಮೇ ತಿಂಗಳು ಹಿಡಿಯಿತೆಂದರೆ ಫೋನ್ ಕೆಳಗಿಡಲಿಕ್ಕೆ ಪುರುಸೊತ್ತಿಲ್ಲ. "ಮೋಹಿತ್‌ನಗರ ಉಂಟಾ? ಎಷ್ಟು ಎಲೆ ಬಂದಿದೆ? ಇನ್ನೂರು ಗಿಡ ಒಟ್ಟಿಗೆ ಸಿಗ್ತದಾ? ಪಿಕಪ್ ಗೇಟಿನವರೆಗೆ ಬರ್ತದಾ? ಆದಿತ್ಯವಾರ ಇರ್ತೀರಾ?" ಬೆಳಗಿಂದ ಸಂಜೆವರೆಗೆ ಇದೇ ಪ್ರಶ್ನೆ, ಇದೇ ಉತ್ತರ. ಅಮ್ಮ ತೊಟ್ಟೆಗೆ (ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ) ಮಣ್ಣು ತುಂಬಿಸುವುದು ಬಿಟ್ಟು ಕೈ ತೊಳೆದು ಬಂದು ಫೋನ್ ತೆಗೆಯಬೇಕು.

ವೆಬ್‌ಸೈಟ್ ಒಂದಿದ್ದರೆ ಈ ಕರೆಗಳು ಸ್ವಲ್ಪವಾದರೂ ಕಡಿಮೆಯಾದೀತು ಎಂದು ಒಬ್ಬರಿಗೆ ಕೆಲಸ ಒಪ್ಪಿಸಿದ್ದೇವೆ. ಅವರು ಒಂದು ಪಿಡಿಎಫ್ ಕಳಿಸಿ, "ಇದು ವಯರ್‌ಫ್ರೇಮ್, ನೋಡಿ ಓಕೆ ಹೇಳಿ, ಆಮೇಲೆ ಡಿಸೈನ್ ಶುರು" ಅಂದಿದ್ದಾರೆ. ತೆರೆದು ನೋಡಿದರೆ ಉದ್ದಕ್ಕೂ ಬೂದು ಪೆಟ್ಟಿಗೆಗಳು. ಕೆಲವು ಪೆಟ್ಟಿಗೆಯೊಳಗೆ ಮೂಲೆಯಿಂದ ಮೂಲೆಗೆ ಗುಣಿಸು ಚಿಹ್ನೆ ಹಾಗೆ ಗೆರೆ. ಬರಹ ಇರುವಲ್ಲೆಲ್ಲ 'ಲೋರೆಮ್ ಇಪ್ಸಮ್' ಎಂದು ಏನೋ ಲ್ಯಾಟಿನ್. ಮೊದಲ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಪರದೆ ತುಂಬ ದೊಡ್ಡ ಪೆಟ್ಟಿಗೆ, ಬದಿಯಲ್ಲಿ 'ಸ್ಲೈಡರ್' ಎಂದು ಬರೆದಿದೆ. ಅದರ ಕೆಳಗೆ 'ನಮ್ಮ ಬಗ್ಗೆ'. ಅದರ ಕೆಳಗೆ ಮೂರು ವೃತ್ತ, 'ನಮ್ಮ ಸೇವೆಗಳು'. ಮತ್ತೆ ಗ್ಯಾಲರಿ. ತೀರಾ ಕೆಳಗೆ ಫೋನ್ ನಂಬರು, ಮ್ಯಾಪು.

ಬಣ್ಣ ಇಲ್ಲ, ಗಿಡದ ಫೋಟೊ ಇಲ್ಲ, ನಮ್ಮ ಹೆಸರೂ ಇಲ್ಲ. ಚಂದ ಉಂಟೋ ಇಲ್ಲವೋ ಎಂದು ಹೇಗೆ ಹೇಳುವುದು? ಬಣ್ಣ ಬರುವವರೆಗೆ ಕಾದು ಆಮೇಲೆ ಅಭಿಪ್ರಾಯ ಹೇಳಿದರೆ ಆಗದಾ? ಇದರಲ್ಲಿ ನಾವು ಬದಲಾವಣೆ ಹೇಳಿದರೆ ಅವರಿಗೆ ಬೇಜಾರಾಗ್ತದಾ? ಅಮ್ಮ ಕೇಳುವುದು ಇಷ್ಟೇ: "ಇದರಲ್ಲಿ ಗಿಡ ಎಲ್ಲಿ?" ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉಪ್ಪಳದ ಗೆರೆ

ನಾನು ಉಪ್ಪಳದವನು, ಮಂಗಳೂರಿನಲ್ಲಿ ವೆಬ್ ಡಿಸೈನ್ ಕೆಲಸ. ನಿಮ್ಮ ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಅದನ್ನೇ ಹಿಡಿದುಕೊಂಡು ಮಾತಾಡುವ.

ವಯರ್‌ಫ್ರೇಮ್ ಅಂದರೆ ಪುಟದಲ್ಲಿ ಯಾವುದು ಎಲ್ಲಿ ಬರ್ತದೆ ಎಂದು ಮಾತ್ರ ತೋರಿಸುವ ಕಚ್ಚಾ ನಕ್ಷೆ. ಮೊದಲು ಅದರ ಗುರುತುಗಳು. ಅಡ್ಡಗೆರೆ ಎಳೆದ ಪೆಟ್ಟಿಗೆ ಅಂದರೆ ಅಲ್ಲಿ ಫೋಟೊ ಬರ್ತದೆ. ಲ್ಯಾಟಿನ್ ಇದ್ದಲ್ಲಿ ಬರಹ. ಗಾಢ ಬೂದು ಬಣ್ಣದ ಸಣ್ಣ ಆಯತ ಇದ್ದರೆ ಅದು ಬಟನ್. ಬಣ್ಣವನ್ನು ಬೇಕೆಂತಲೇ ಬಿಟ್ಟಿರುತ್ತಾರೆ. ಪುಟಕ್ಕೆ ಹಸಿರು ಹಚ್ಚಿ ತೋರಿಸಿದರೆ ನೋಡುವವರ ಮಾತೆಲ್ಲ ಆ ಹಸಿರಿನ ಸುತ್ತವೇ ತಿರುಗ್ತದೆ. ಯಾವುದು ಮೇಲಿರಬೇಕು, ಯಾವುದು ಕೆಳಗೆ, ಯಾವುದು ಬೇಡವೇ ಬೇಡ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣ, ಫಾಂಟ್, ಫೋಟೊ ಎಲ್ಲ ಸೇರಿಸಿ ತೋರಿಸುವುದಕ್ಕೆ ಮಾಕಪ್ ಅಂತಾರೆ, ಅದು ಮುಂದಿನ ಹಂತ. ಒತ್ತಿದರೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಹಾಗೆ ಮಾಡಿದರೆ ಪ್ರೊಟೊಟೈಪ್.

ಅಡಿಕೆ ತೋಟ ಹಾಕುವಾಗ ಗುಂಡಿ ತೆಗೆಯುವ ಮೊದಲು ಹಗ್ಗ ಹಿಡಿದು 2.7 ಮೀಟರಿಗೊಂದು ಗೂಟ ಹೊಡೆಯುತ್ತಾರಲ್ಲ, ವಯರ್‌ಫ್ರೇಮ್ ಆ ಕೆಲಸ. ಗೂಟ ಕಿತ್ತು ಆಚೆ ಹೊಡೆದರೆ ಯಾರಿಗೂ ನಷ್ಟವಿಲ್ಲ. ಆದ್ದರಿಂದ ಬಣ್ಣ ಬರುವವರೆಗೆ ಕಾಯಬೇಡಿ. ಹೇಳುವುದನ್ನೆಲ್ಲ ಈಗಲೇ ಹೇಳಿ. ಇಲ್ಲಿ ಒಂದು ಪೆಟ್ಟಿಗೆ ಎತ್ತಿ ಮೇಲಿಡುವುದು ಡಿಸೈನರಿಗೆ ನಿಮಿಷದ ಮಾತು. ಕೋಡ್ ಬರೆದ ಮೇಲೆ ಅದೇ ಬದಲಾವಣೆಗೆ ಫೋನ್, ಟ್ಯಾಬ್, ಕಂಪ್ಯೂಟರ್ ಮೂರರಲ್ಲೂ ಪುನಃ ಪರೀಕ್ಷಿಸಬೇಕು, ದುಡ್ಡೂ ಹೆಚ್ಚು ಕೇಳ್ತಾರೆ. ಒಳ್ಳೆ ಡಿಸೈನರಿಗೆ ಈ ಹಂತದಲ್ಲಿ ಬದಲಾವಣೆ ಹೇಳಿದರೆ ಬೇಜಾರಾಗುವುದಿಲ್ಲ, ವಯರ್‌ಫ್ರೇಮ್ ಕಳಿಸುವುದೇ ಅದಕ್ಕೆ.

ಈಗ ನೋಡುವುದು ಹೇಗೆ? ಚಂದ ಉಂಟೋ ಎಂದು ನೋಡಬೇಡಿ. ಮೇ ತಿಂಗಳಲ್ಲಿ ಬರುವ ಫೋನ್ ಕರೆಗಳನ್ನು ನೀವೇ ಬರೆದಿದ್ದೀರಿ. ಅದನ್ನು ಒಂದೊಂದಾಗಿ ತೆಗೆದುಕೊಂಡು ಈ ಚಿತ್ರದ ಮೇಲೆ ಬೆರಳಿಟ್ಟು ಉತ್ತರ ಹುಡುಕಿ. "ಮೋಹಿತ್‌ನಗರ ಉಂಟಾ?" ಮೊದಲ ಪುಟದಲ್ಲಿ ಎಲ್ಲಿ ಒತ್ತಿದರೆ ಇದಕ್ಕೆ ಉತ್ತರ ಸಿಗ್ತದೆ? ಸ್ಲೈಡರ್‌ನಲ್ಲಿ ಇಲ್ಲ. 'ನಮ್ಮ ಬಗ್ಗೆ'ಯಲ್ಲಿ ಇಲ್ಲ. ಮೂರು ವೃತ್ತದಲ್ಲಿ? ನರ್ಸರಿಗೆ 'ಸೇವೆಗಳು' ಎಂದರೆ ಏನು ಅಂತ ನಿಮಗೇ ಗೊತ್ತಿಲ್ಲದಿದ್ದರೆ, ಕಾಞಂಗಾಡಿನಿಂದ ಬರುವವರಿಗೆ ಹೇಗೆ ಗೊತ್ತಾಗಬೇಕು? ಅದು ಯಾವುದೋ ಕಂಪೆನಿಯ ಟೆಂಪ್ಲೇಟಿನಲ್ಲಿ ಇದ್ದದ್ದು ಹಾಗೇ ಬಂದಿರಬೇಕು. ಅಮ್ಮ "ಗಿಡ ಎಲ್ಲಿ?" ಎಂದು ಕೇಳಿದ್ದು ಇದನ್ನೇ. ಬೂದು ಚಿತ್ರದಲ್ಲಿ ಸಿಗದ ಗಿಡ ಹಸಿರು ಚಿತ್ರದಲ್ಲೂ ಸಿಗುವುದಿಲ್ಲ.

ನಾನಾದರೆ ಸ್ಲೈಡರ್ ಪೂರ್ತಿ ತೆಗೆಸ್ತೇನೆ. ಪರದೆ ತುಂಬುವ ದೊಡ್ಡ ಚಿತ್ರ ಒಂದರ ಹಿಂದೆ ಒಂದು ಸರಿಯುತ್ತಾ ಇದ್ದರೆ ನೆಟ್‌ವರ್ಕ್ ಕಡಿಮೆ ಇರುವಲ್ಲಿ ಪುಟ ತೆರೆಯುವುದೂ ನಿಧಾನ. ಗುಡ್ಡದ ಆಚೆ ತೋಟದಲ್ಲಿ ನಿಂತು ನೋಡುವವರನ್ನು ನೆನೆಸಿಕೊಳ್ಳಿ.

ಇನ್ನೊಂದು ಮುಖ್ಯ ಸಂಗತಿ. ನಿಮಗೆ ಕಳಿಸಿದ ಚಿತ್ರ ಅಡ್ಡಕ್ಕೆ ಅಗಲವಾಗಿ ಉಂಟಾ? ಹಾಗಿದ್ದರೆ ಅದು ಕಂಪ್ಯೂಟರ್ ಪರದೆಯದ್ದು. ನಿಮ್ಮ ಗಿರಾಕಿಗಳು ನೋಡುವುದು ಫೋನಿನಲ್ಲಿ. ಸಾಧಾರಣ ಆಂಡ್ರಾಯ್ಡ್ ಫೋನಿನ ಅಗಲವನ್ನು ವೆಬ್ ಕೆಲಸದಲ್ಲಿ 360 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತೇವೆ. "360 ಅಗಲದ ವಯರ್‌ಫ್ರೇಮ್ ಮೊದಲು ಕೊಡಿ" ಎಂದು ಕೇಳಿ, ಇದೇ ಶಬ್ದದಲ್ಲಿ. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇರುವ ಮೂರು ಪೆಟ್ಟಿಗೆ ಫೋನಿನಲ್ಲಿ ಒಂದರ ಕೆಳಗೆ ಒಂದು ಬೀಳ್ತದೆ. ಅಗಲ ಇಲ್ಲದಲ್ಲಿ ಎಲ್ಲವೂ ಸರತಿಯಲ್ಲಿ ನಿಲ್ಲಬೇಕು, ಯಾರು ಮೊದಲು ಎಂದು ತೀರ್ಮಾನ ಮಾಡದೆ ಬೇರೆ ದಾರಿಯೇ ಇಲ್ಲ. ಹಾಗಾಗಿಯೇ ನಾನು ಯಾವತ್ತೂ ಫೋನಿನದ್ದನ್ನು ಮೊದಲು ಬರೆಯುವುದು.

ನನ್ನ ಮನಸ್ಸಿಗೆ ಬರುವ ಮೊದಲ ಪುಟ ಹೀಗೆ. ತುತ್ತತುದಿಗೆ ನರ್ಸರಿಯ ಹೆಸರು, ಪಕ್ಕದಲ್ಲಿ ಭಾಷೆ ಬದಲಿಸುವ ಜಾಗ. ಅದರ ಕೆಳಗೆ ಒಂದೇ ಸಾಲು: ಇವತ್ತು ತೆರೆದಿದೆಯೇ, ಎಷ್ಟು ಗಂಟೆವರೆಗೆ. ಕೂಡಲೇ 'ಈಗ ಇರುವ ಗಿಡಗಳು' ಎಂಬ ಪಟ್ಟಿ. ಪಟ್ಟಿಯ ಒಂದೊಂದು ಸಾಲಿನಲ್ಲಿ ಎಡಕ್ಕೆ ಗಿಡದ ಸಣ್ಣ ಫೋಟೊ, ಬಲಕ್ಕೆ ತಳಿಯ ಹೆಸರು ದಪ್ಪ ಅಕ್ಷರದಲ್ಲಿ, ಅದರಡಿ ಪ್ರಾಯ, ಎಲೆ, ಒಂದರ ಬೆಲೆ, ಉಂಟು ಅಥವಾ ಮುಗಿದಿದೆ. ಪರದೆಯ ಅಡಿಯಲ್ಲಿ ಎಷ್ಟು ಸರಿಸಿದರೂ ಅಲುಗದೆ ನಿಲ್ಲುವ ಎರಡು ಬಟನ್: ಫೋನ್, ವಾಟ್ಸ್‌ಆ್ಯಪ್. ಆಂಡ್ರಾಯ್ಡಿನ ಮಾರ್ಗಸೂಚಿ ಪ್ರಕಾರ ಬೆರಳು ಒತ್ತುವ ಜಾಗ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ), ಅಂದರೆ ಸುಮಾರು 9 ಮಿಲಿಮೀಟರ್ ಇರಬೇಕು. ತೋಟದ ಕೆಲಸ ಮಾಡುವ ಕೈಬೆರಳಿಗೆ ಇನ್ನೂ ಸ್ವಲ್ಪ ದೊಡ್ಡದಿರಲಿ. ಗಿಡದ ಹೆಸರು ಮೊದಲೇ ಬರೆದಿಟ್ಟ ಸಂದೇಶದೊಂದಿಗೆ ವಾಟ್ಸ್‌ಆ್ಯಪ್ ತೆರೆಯುವ ಹಾಗೆ ಲಿಂಕ್ ಕೊಡಲಿಕ್ಕೂ ಆಗ್ತದೆ: "ಮೋಹಿತ್‌ನಗರ ಬೇಕಿತ್ತು, ಎಷ್ಟು:" ಎಂದು. ಗಿರಾಕಿ ಸಂಖ್ಯೆ ಒಂದು ಸೇರಿಸಿದರೆ ಸಾಕು. 'ನಮ್ಮ ಬಗ್ಗೆ' ಇರಲಿ, ನಿಮ್ಮ ಅಪ್ಪ ಕಟ್ಟಿದ ನರ್ಸರಿಯ ಕಥೆ ಹೇಳಬೇಕಾದ್ದೇ, ಆದರೆ ಪಟ್ಟಿಯ ಕೆಳಗೆ.

ಪಟ್ಟಿಯಿಂದ ಒತ್ತಿ ಒಳಗೆ ಹೋದರೆ ಗಿಡದ ಪುಟ. ಇದರ ವಯರ್‌ಫ್ರೇಮ್ ನಿಮಗೆ ಕಳಿಸಿದ್ದರಲ್ಲಿ ಇಲ್ಲವಾದರೆ ಕೇಳಿ ತರಿಸಿ, ನಿಮ್ಮ ಸೈಟಿನಲ್ಲಿ ಹೆಚ್ಚು ಕೆಲಸ ಮಾಡುವ ಪುಟ ಇದೇ. ಅಡಿಕೆ ಗಿಡ ಹನ್ನೆರಡರಿಂದ ಹದಿನೆಂಟು ತಿಂಗಳದ್ದು, ಐದಕ್ಕೆ ಕಡಿಮೆಯಿಲ್ಲದ ಎಲೆ ಇರುವಂಥದ್ದು ನೋಡಿ ಜನ ತೆಗೆದುಕೊಳ್ಳುವುದಲ್ಲವಾ? ಆದ್ದರಿಂದ ಪ್ರಾಯ ಮತ್ತು ಎಲೆ ಎರಡಕ್ಕೂ ಸ್ವಂತ ಜಾಗ ಬೇಕು, ಉದ್ದದ ಪ್ಯಾರಾದೊಳಗೆ ಹೂತುಹೋಗಬಾರದು.

ಪರೀಕ್ಷೆ ಮಾಡದೆ ಓಕೆ ಹೇಳಬೇಡಿ. ಕಾಗದದಲ್ಲಿ ಫೋನಿನಷ್ಟೇ ದೊಡ್ಡ ಚೌಕ ಹಾಕಿ ಪೆನ್ಸಿಲಿನಲ್ಲಿ ಬರೆದು, ಗಿಡ ತೆಗೆದುಕೊಂಡು ಹೋಗಲಿಕ್ಕೆ ಬಂದವರ ಕೈಗೆ ಕೊಡಿ. "ಇದು ನಮ್ಮ ಸೈಟು, ಕರಿಮುಂಡ ಉಂಟಾ ಅಂತ ನೋಡಬೇಕಾದರೆ ಎಲ್ಲಿ ಒತ್ತುತ್ತೀರಿ?" ಎಂದು ಕೇಳಿ ಸುಮ್ಮನಿರಿ. ದಾರಿ ಹೇಳಿಕೊಡಬೇಡಿ. ಜೇಕಬ್ ನೀಲ್ಸನ್ ಎಂಬ ಪರಿಣತರು 5 ಮಂದಿಗೆ ತೋರಿಸಿದರೆ ಹೆಚ್ಚಿನ ತೊಡಕುಗಳು ಹೊರಗೆ ಬರುತ್ತವೆ ಎಂದು 2000ದಲ್ಲೇ ಬರೆದಿದ್ದರು. ನನ್ನ ಅನುಭವವೂ ಅದೇ. ಕಂಪ್ಯೂಟರಿನಲ್ಲೇ ಬರೆಯಬೇಕೆಂದಿದ್ದರೆ ಫಿಗ್ಮಾ ಉಂಟು, ಪೆನ್‌ಪಾಟ್ ಉಂಟು, ಎಕ್ಸ್‌ಕ್ಯಾಲಿಡ್ರಾ ಉಂಟು. ನಿಮಗೆ ಸದ್ಯಕ್ಕೆ ಪೆನ್ಸಿಲು ಸಾಕು.

ಡಿಟಿಪಿ ಬದಿಯಡ್ಕ

ಉಪ್ಪಳದವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಉಂಟು. ನಾನು ಆಮಂತ್ರಣ ಪತ್ರ, ಸ್ಮರಣ ಸಂಚಿಕೆ ಮಾಡುವವ, ವೆಬ್‌ಸೈಟಿನವ ಅಲ್ಲ. ಆದರೆ ಆ ಲ್ಯಾಟಿನ್ ಸಾಲಿನ ಬಗ್ಗೆ ನನಗೆ ಹೇಳಲಿಕ್ಕೆ ಉಂಟು.

ಅಕ್ಕ, ಡಿಸೈನರಿಗೆ ಹೇಳಿ, ವಯರ್‌ಫ್ರೇಮಿನಲ್ಲೇ ನಿಜವಾದ ಕನ್ನಡ ಹಾಕಲಿ. ಲೋರೆಮ್ ಇಪ್ಸಮ್ ಹಾಕಿದ ಬಟನ್ ಚಿಕ್ಕದಾಗಿ ಚೊಕ್ಕವಾಗಿ ಕಾಣ್ತದೆ. ಅಲ್ಲಿಗೆ 'ಬೇರು ಬಂದ ಕಾಳುಮೆಣಸಿನ ಬಳ್ಳಿಗಳು' ಎಂದು ಬರೆದರೆ ಎರಡು ಸಾಲಾಗಿ ಪೆಟ್ಟಿಗೆಯಿಂದ ಹೊರಗೆ ಬೀಳ್ತದೆ. ನಮ್ಮ ಶಬ್ದಗಳಿಗೆ ಪ್ರತ್ಯಯ ಅಂಟಿಕೊಂಡು ಉದ್ದ ಬೆಳೀತದೆ, ಮಲಯಾಳಂನದ್ದು ಇನ್ನೂ ಅಗಲ. ಕಾಗದದ ಮೇಲಾದರೆ ನಾನು ಅಕ್ಷರ ಸಣ್ಣ ಮಾಡಿ ಹೇಗೋ ಕೂರಿಸುತ್ತೇನೆ. ಫೋನಿನಲ್ಲಿ ಕನ್ನಡಕ ಹಾಕಿದವರೂ ಓದಬೇಕು, ಸಣ್ಣ ಮಾಡುವ ಹಾಗಿಲ್ಲ. ಅದಕ್ಕೆ ಮೊದಲೇ ಗೊತ್ತಾಗಬೇಕು, ಮೆನುವಿನಲ್ಲಿ 'ಕಾಳುಮೆಣಸು' ಎಂದಷ್ಟೇ ಇಡುವುದೋ, ಉದ್ದದ್ದು ಒಳಗಿನ ಪುಟಕ್ಕೆ ಬಿಡುವುದೋ ಎಂದು.

ಎತ್ತರದ ವಿಷಯವೂ ಹಾಗೇ. ಕೊಕ್ಕೊ, ಬಳ್ಳಿ, ತೊಟ್ಟೆ, ಯಾವುದನ್ನು ಬರೆದರೂ ಒತ್ತಕ್ಷರ ಕೆಳಗೆ ಇಳೀತದೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಕಡಿಮೆ ಬೇಡವೇ ಬೇಡ. ಹೀಗೆ ಅಂತರ ಕೊಟ್ಟಾಗ ಪುಟ ಉದ್ದವಾಗ್ತದೆ, ಮೊದಲ ಪರದೆಯಲ್ಲಿ ಐದು ಗಿಡ ಕಾಣುತ್ತದೆ ಎಂದುಕೊಂಡಲ್ಲಿ ಮೂರೇ ಕಾಣಬಹುದು. ಹಾಗಾದರೆ ಆ ಮೂರು ಯಾವುದು? ಇದೂ ವಯರ್‌ಫ್ರೇಮಿನಲ್ಲೇ ತೀರ್ಮಾನ ಆಗಬೇಕಾದ್ದು.

ಭಾಷೆ ಬದಲಿಸುವ ಜಾಗದಲ್ಲಿ ಕನ್ನಡ ಎಂಬುದನ್ನು ಕನ್ನಡ ಲಿಪಿಯಲ್ಲಿ, ಮಲಯಾಳಂ ಎಂಬುದನ್ನು ಮಲಯಾಳಂ ಲಿಪಿಯಲ್ಲಿ ಬರೆಸಿ, ಮೆನುವಿನ ಒಳಗೆ ಅಡಗಿಸದೆ ಮೇಲೆಯೇ ಇಡಿಸಿ. ನಮ್ಮೂರಲ್ಲಿ ಒಂದೇ ಮನೆಯೊಳಗೆ ಅಪ್ಪ ಕನ್ನಡ ಓದುವವರು, ಮಗ ಮಲಯಾಳಂ ಓದುವವನು ಇರ್ತಾರೆ. ಕಡಿಮೆ ಪಕ್ಷ ಎರಡು ಭಾಷೆಯಲ್ಲೂ ಅದೇ ಪುಟದ ವಯರ್‌ಫ್ರೇಮ್ ಅಕ್ಕಪಕ್ಕ ಇಟ್ಟು ನೋಡಿ.

ಮತ್ತೆ, ನಿಮ್ಮಲ್ಲಿ ಹಳೆ ಕರಪತ್ರದ ಸಾಲುಗಳು 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದರೆ, ಮಲಯಾಳಂನದ್ದು ಎಂಎಲ್-ಟಿಟಿ ಕಾರ್ತಿಕದಂಥ ಹಳೆ ಫಾಂಟಿನಲ್ಲಿದ್ದರೆ, ಅದನ್ನು ಹಾಗೇ ನಕಲು ಮಾಡಿ ಕಳಿಸಬೇಡಿ. ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರ್ತದೆ. ಯೂನಿಕೋಡಿಗೆ (ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿಯೇ ಕೊಡಿ. 'ನೋಟೊ ಸಾನ್ಸ್ ಕನ್ನಡ' ಎಂಬ ಫಾಂಟ್ ಉಚಿತವಾಗಿ ಸಿಗ್ತದೆ, ಓದಲಿಕ್ಕೂ ಒಳ್ಳೆದು. ಅದೇ ಸಾಲಿನಲ್ಲಿ ಮಲಯಾಳಂನದ್ದೂ ಉಂಟು.

ವಿಟ್ಲದ ತೋಟ

ತಂಗಿ, ನಾನು ಗಿಡ ಕೊಳ್ಳುವವ. ಡಿಸೈನ್ ವಿಚಾರ ಗೊತ್ತಿಲ್ಲ, ನನಗೆ ಏನು ಬೇಕು ಅಂತ ಹೇಳಬಹುದು.

ಒಂದು, 'ಉಂಟು' ಎಂದು ಬರೆದದ್ದು ಯಾವ ದಿನ ಬರೆದದ್ದು ಎಂದು ಕಾಣಬೇಕು. ಹೋದ ವರ್ಷದ 'ಉಂಟು' ನಂಬಿ ಪಿಕಪ್ ಬಾಡಿಗೆ ಕೊಟ್ಟು ಬಂದು ಖಾಲಿ ಹೋಗುವುದೆಂದರೆ ಸಣ್ಣ ಸಂಗತಿಯಲ್ಲ. ತಾರೀಕು ಇಲ್ಲದ ಪಟ್ಟಿಗಿಂತ ಫೋನೇ ಮೇಲು.

ಮತ್ತೊಂದು, ಫೋಟೊ ನಿಮ್ಮ ನರ್ಸರಿಯದ್ದೇ ಇರಲಿ. ಇಂಟರ್ನೆಟ್‌ನಿಂದ ತೆಗೆದ ಗೊನೆ ಬಿಟ್ಟ ಮರದ ಫೋಟೊದಿಂದ ನನಗೇನೂ ಪ್ರಯೋಜನ ಇಲ್ಲ. ತೊಟ್ಟೆ ಸಮೇತ ಗಿಡ, ಪಕ್ಕದಲ್ಲಿ ಒಂದು ಅಳತೆಕೋಲು. ಬುಡ ಎಷ್ಟು ದಪ್ಪ ಎಂದು ನೋಡಿಯೇ ನಾನು ಗಿಡ ಆರಿಸುವುದು, ಆ ಫೋಟೊದಲ್ಲಿ ಬುಡ ಕಾಣಬೇಕು.

ಪಿಕಪ್ ಎಲ್ಲಿವರೆಗೆ ಬರ್ತದೆ, ತಿರುಗಿಸಲಿಕ್ಕೆ ಜಾಗ ಉಂಟಾ, ಅದೂ ಬರೆದಿರಲಿ. ಮ್ಯಾಪಿನ ಗುಂಡುಸೂಜಿ ಕೆಲವೊಮ್ಮೆ ಯಾರದ್ದೋ ಅಂಗಳಕ್ಕೆ ಕರ್ಕೊಂಡು ಹೋಗ್ತದೆ.

ತೊಟ್ಟೆಗಿಡ (ಪೆರ್ಲ)

ಎಲ್ಲರಿಗೂ ಧನ್ಯವಾದ. ಉಪ್ಪಳದ ಅಣ್ಣ ಹೇಳಿದ ಹಾಗೆ ಕಾಗದದಲ್ಲಿ ಬರೆದೆ. ಫೋನನ್ನೇ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದೆ. ಮೇಲೆ ಹೆಸರು, ಕನ್ನಡ, ಮಲಯಾಳಂ. ಕೆಳಗೆ ಗಿಡದ ಸಾಲುಗಳು. ಡಿಟಿಪಿಯವರು ಹೇಳಿದ್ದು ನಿಜ, ನಿಜವಾದ ಹೆಸರು ಬರೆದಾಗ ಪರದೆಯೊಳಗೆ ಮೂರು ಸಾಲೇ ಹಿಡಿಯಿತು. ಹಾಗಾಗಿ ಅಡಿಕೆ, ಕಾಳುಮೆಣಸು, ತೆಂಗು, ಇತರೆ ಎಂದು ಮೇಲೆ ನಾಲ್ಕು ಸಣ್ಣ ಗುಂಡಿ ಇಟ್ಟೆ. ಒತ್ತಿದರೆ ಆ ಜಾತಿಯವು ಮಾತ್ರ ಕಾಣಲಿ ಎಂದು. ವಿಟ್ಲದ ಅಣ್ಣ ಹೇಳಿದ ತಾರೀಕು ಪಟ್ಟಿಯ ತಲೆಗೇ ಹಾಕಿದೆ.

ಆಮೇಲೆ ಜೀಪಿಗೆ ಗಿಡ ತುಂಬಿಸುತ್ತಿದ್ದವರೊಬ್ಬರಿಗೆ ಕೊಟ್ಟೆ, ಪ್ರಾಯದವರು. "ಕರಿಮುಂಡ ನೋಡಬೇಕು" ಎಂದೆ. ಕಾಗದ ಕೈಯಲ್ಲಿ ಹಿಡಿದು ಸ್ವಲ್ಪ ದೂರ ಮಾಡಿ, ಹತ್ತಿರ ಮಾಡಿ ನೋಡಿದರು. ಕಾಳುಮೆಣಸಿನ ಗುಂಡಿಯನ್ನು ಕೂಡಲೇ ಒತ್ತಿದರು. ನಾನು ಎರಡನೆಯ ಕಾಗದ ಮುಂದಿಟ್ಟೆ. ಅದರಲ್ಲಿ ಸಾಲಿನ ಕೊನೆಗೆ 'ವಿವರ' ಎಂದು ಬಟನ್ ಬರೆದಿದ್ದೆ. ಅವರು ಅದನ್ನು ನೋಡಲೇ ಇಲ್ಲ. ಎಡಗಡೆ ಅಡ್ಡಗೆರೆ ಹಾಕಿದ ಫೋಟೊ ಪೆಟ್ಟಿಗೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕಾದರು, ಚಿತ್ರ ದೊಡ್ಡದಾಗ್ತದೆ ಎಂದು. ಬೇರೆಯವರಿಗೆ ಕೊಟ್ಟಾಗಲೂ ಹೆಚ್ಚಿನವರು ಫೋಟೊವನ್ನೇ ಒತ್ತಿದರು, ಒಬ್ಬರು ಹೆಸರನ್ನು ಒತ್ತಿದರು. ಮಲಯಾಳಂ ಓದುವ ಒಬ್ಬರು ಮೇಲಿನ ಭಾಷೆಯ ಜಾಗವನ್ನು ಕೇಳದೆಯೇ ಕಂಡುಹಿಡಿದದ್ದು ನೋಡಿ ನನಗೆ ತುಂಬ ಖುಷಿಯಾಯಿತು.

ಡಿಸೈನರ್ ಹತ್ತಿರ ಮಾತಾಡಿದೆ. ಅವರು ಸ್ಲೈಡರ್, ವೃತ್ತಗಳನ್ನು ತೆಗೆಯಲಿಕ್ಕೆ ಒಪ್ಪಿದ್ದಾರೆ, ಫೋನಿನ ಅಳತೆಯಲ್ಲೇ ಪುನಃ ಕಳಿಸ್ತೇನೆ ಅಂದಿದ್ದಾರೆ. ಅಮ್ಮನದ್ದು ಈಗ ಹೊಸ ಪ್ರಶ್ನೆ. ಮೋಹಿತ್‌ನಗರ ಮುಗಿದು ಹೋದರೆ ಆ ಸಾಲು ಪಟ್ಟಿಯಲ್ಲಿ ಇರಬೇಕಾ, ತೆಗೆಯಬೇಕಾ? ಇದ್ದರೆ ಇಲ್ಲದ್ದನ್ನು ತೋರಿಸಿದ ಹಾಗಾಗ್ತದೆ, ತೆಗೆದರೆ ನಾವು ಆ ತಳಿ ಮಾಡುವುದೇ ಇಲ್ಲ ಎಂದುಕೊಳ್ತಾರೆ ಎಂದು ಅವರ ಯೋಚನೆ.

ಉಪ್ಪಳದ ಗೆರೆ

ಆ ಹೆಬ್ಬೆರಳನ್ನು ಡಿಸೈನರಿಗೆ ಹಾಗೇ ವರ್ಣಿಸಿ ಬರೆಯಿರಿ. ಇಡೀ ಸಾಲೇ ಒತ್ತುವ ಜಾಗ ಆಗಲಿ: ಫೋಟೊ, ಹೆಸರು, ಬೆಲೆ, ಎಲ್ಲಿ ಒತ್ತಿದರೂ ಗಿಡದ ಪುಟ ತೆರೆಯಲಿ. ಪ್ರತ್ಯೇಕ 'ವಿವರ' ಬಟನ್ ಬೇಡ. ಗಿಡದ ಪುಟದಲ್ಲಿ ಎಲ್ಲಕ್ಕಿಂತ ಮೊದಲು ಆ ದೊಡ್ಡ ಫೋಟೊ ಇರಲಿ, ವಿಟ್ಲದವರು ಹೇಳಿದ ಬುಡ ಕಾಣುವಂಥದ್ದು, ಎರಡು ಬೆರಳಲ್ಲಿ ಹಿಗ್ಗಿಸಲಿಕ್ಕೆ ಆಗುವಂಥದ್ದು. ಒತ್ತಿದವರು ನಿರೀಕ್ಷಿಸಿದ್ದು ಅದನ್ನೇ.

ಮುಗಿದ ಗಿಡದ ಸಾಲು ಇರಲೇಬೇಕು. ಅದಕ್ಕೂ ಒಂದು ವಯರ್‌ಫ್ರೇಮ್ ಬೇಕು. ಒಂದೇ ಪುಟ ಬೇರೆ ಬೇರೆ ಸ್ಥಿತಿಯಲ್ಲಿ ಹೇಗೆ ಕಾಣ್ತದೆ ಎಂದು ಬರೆದುಕೊಳ್ಳುವುದು ವಯರ್‌ಫ್ರೇಮಿನ ದೊಡ್ಡ ಉಪಯೋಗ, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಗಿಡ ಇದ್ದಾಗ ಒಂದು ಚಿತ್ರ. ಮುಗಿದಾಗ ಇನ್ನೊಂದು. ಮಳೆಗಾಲ ಮುಗಿದು ಪಟ್ಟಿಯಲ್ಲಿ ಎರಡೇ ಗಿಡ ಉಳಿದಾಗ ಹೇಗೆ ಎಂದು ಮತ್ತೊಂದು. ನೆಟ್‌ವರ್ಕ್ ಇಲ್ಲದೆ ಫೋಟೊ ಬರದಿದ್ದರೂ ಹೆಸರು, ಬೆಲೆ, ಫೋನ್ ನಂಬರು ಕಾಣ್ತದಾ ಎಂದೂ ಕೇಳಿ.

ಮುಗಿದ ಸಾಲಿನಲ್ಲಿ 'ಮುಗಿದಿದೆ' ಎಂದು ಬರಹದಲ್ಲೇ ಇರಲಿ, ಬರೀ ಬಣ್ಣ ಮಾಸಿದ ಹಾಗೆ ತೋರಿಸಿದರೆ ಬಿಸಿಲಲ್ಲಿ ನಿಂತು ನೋಡುವವರಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಮುಂದಿನದ್ದು ಯಾವಾಗ ಎಂದು ಬರೆಯುವ ಜಾಗ. ಅಡಿಕೆ ಗಿಡ ಮಾರಾಟಕ್ಕೆ ಬರಲಿಕ್ಕೆ ವರ್ಷ, ವರ್ಷಕ್ಕೂ ಮೇಲೆ ಹಿಡಿಯುವುದರಿಂದ ಯಾವ ಸಾಲು ಯಾವ ತಿಂಗಳಿಗೆ ತಯಾರು ಎಂದು ನಿಮಗೆ ಬಹಳ ಮುಂಚೆಯೇ ಗೊತ್ತಿರ್ತದೆ. ಸಾಮಾನ್ಯ ಅಂಗಡಿಯವರಿಗೆ ಇಲ್ಲದ ಅನುಕೂಲ ಇದು, ಉಪಯೋಗಿಸಿಕೊಳ್ಳಿ. 'ಬಂದಾಗ ತಿಳಿಸಿ' ಎಂಬ ಬಟನ್ ಕೊಟ್ಟರೆ ಅದು ವಾಟ್ಸ್‌ಆ್ಯಪ್ ಸಂದೇಶವಾಗಿ ನಿಮಗೆ ಬರಲಿ, ಬೇರೆ ಫಾರ್ಮು ತುಂಬಿಸುವ ಕೆಲಸ ಯಾರಿಗೂ ಬೇಡ.

ಇನ್ನು ಇದುವರೆಗೆ ಯಾರೂ ಬರೆಯದ ಒಂದು ಪುಟ ಉಂಟು, ಓಕೆ ಹೇಳುವ ಮೊದಲು ಅದನ್ನೂ ಕೇಳಿ. ಪಟ್ಟಿಯಲ್ಲಿ 'ಉಂಟು', 'ಮುಗಿದಿದೆ' ಬದಲಿಸುವವರು ಯಾರು? ತಾರೀಕು ಹಾಕುವವರು ಯಾರು? ಅಮ್ಮನೇ ಆದರೆ, ಅವರು ನೋಡುವ ಪುಟಕ್ಕೂ ವಯರ್‌ಫ್ರೇಮ್ ಬೇಕು. ವೆಬ್‌ಸೈಟಿನ ಒಳಗಿನ ಆಡಳಿತ ಪುಟ ಸಾಧಾರಣವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಹತ್ತಾರು ಮೆನುವಿನೊಂದಿಗೆ ಬರ್ತದೆ. ಶೇಡ್‌ನೆಟ್ ಅಡಿಯಲ್ಲಿ ಒಂದು ಕೈಯಲ್ಲಿ ಮಣ್ಣು ಹಿಡಿದು ನಿಂತವರು ಅದನ್ನು ತೆರೆಯುವುದಿಲ್ಲ. ತೆರೆಯದಿದ್ದರೆ ತಾರೀಕು ಹಳತಾಗ್ತದೆ, ವಿಟ್ಲದವರು ಪುನಃ ಫೋನ್ ಮಾಡ್ತಾರೆ, ಸೈಟಿಗೆ ಕೊಟ್ಟ ದುಡ್ಡು ದಂಡ. ಆ ಪುಟದಲ್ಲಿ ಗಿಡದ ಹೆಸರು ಕನ್ನಡದಲ್ಲಿ, ಎದುರು ಒಂದು ದೊಡ್ಡ ಗುಂಡಿ: ಒತ್ತಿದರೆ ಉಂಟು, ಇನ್ನೊಮ್ಮೆ ಒತ್ತಿದರೆ ಮುಗಿದಿದೆ. ತಾರೀಕು ತನ್ನಿಂತಾನೇ ಬೀಳಲಿ. ಬೆಲೆ ಬದಲಿಸುವುದು ಬೇರೆ ಪುಟದಲ್ಲಿರಲಿ, ಕೈತಪ್ಪಿ ಒತ್ತಿ ಬೆಲೆ ಬದಲಾಗಬಾರದು.

ಅದನ್ನೂ ಕಾಗದದಲ್ಲಿ ಬರೆದು ಅಮ್ಮನ ಕೈಗೆ ಕೊಡಿ. ಅವರು ಎಲ್ಲಿ ಒತ್ತುತ್ತಾರೆ ಎಂದು ನೋಡಿ ಇಲ್ಲಿ ಹಾಕಿ, ಡಿಸೈನರಿಗೆ ಏನು ಬರೆಯಬೇಕೆಂದು ಆಮೇಲೆ ಒಟ್ಟಿಗೆ ನೋಡುವ.